ರಜಾ ಚೀಟಿ ನಡೆಯದ ಊರು

ಗೋವಾದಿಂದ ಹತ್ತು ಸಾವಿರ ಕಿಲೋಮೀಟರಿಗೂ ಆಚೆ, ಅಂಟಾರ್ಕ್ಟಿಕದ ಶಿರ್ಮಾಕರ್ ಓಯಸಿಸ್‌ನಲ್ಲಿ, ಕಂಬಗಳ ಮೇಲೆ ನಿಂತ ಉದ್ದನೆಯ ಕಟ್ಟಡವೊಂದಿದೆ. ಓಯಸಿಸ್ ಎಂದೊಡನೆ ಖರ್ಜೂರದ ಮರ ನೆನಪಾದೀತು. ಇಲ್ಲಿ ಮರವಿರಲಿ, ಹುಲ್ಲುಕಡ್ಡಿಯೂ ಕಾಣದು. ಹಿಮದ ನಡುವೆ ಸುಮಾರು 35 ಚದರ ಕಿಲೋಮೀಟರ್ ಬೋಳು ಬಂಡೆ, ನೂರಕ್ಕೂ ಹೆಚ್ಚು ಕೆರೆಗಳು, ಅಷ್ಟೆ. ಭಾರತದ ‘ಮೈತ್ರಿ’ ಸಂಶೋಧನಾ ಕೇಂದ್ರ ಇರುವುದು ಇಲ್ಲೇ. 1983-84ರಲ್ಲಿ ಹಿಮದ ಹಾಸಿನ ಮೇಲೆಯೇ ಕಟ್ಟಿದ ‘ದಕ್ಷಿಣ ಗಂಗೋತ್ರಿ’ ಕೆಲವೇ ವರ್ಷಗಳಲ್ಲಿ ಹಿಮದೊಳಗೆ ಹೂತುಹೋಯಿತು. ಆ ಪಾಠ ಕಲಿತ ಮೇಲೆ 1988-89ರಲ್ಲಿ ಗಟ್ಟಿ ಬಂಡೆಯನ್ನು ಹುಡುಕಿ ಮೈತ್ರಿಯನ್ನು ಎಬ್ಬಿಸಿದರು.

ಬೇಸಿಗೆಯಲ್ಲಿ ಇಲ್ಲಿ ಜಾತ್ರೆ. ಕೇಪ್‌ಟೌನ್‌ನಿಂದ ವಿಮಾನ, ಸಮುದ್ರದಲ್ಲಿ ಸಾಮಾನಿನ ಹಡಗು. ಚಳಿಗಾಲ ಸಮೀಪಿಸಿತೆಂದರೆ ಬಂದವರೆಲ್ಲ ಹೊರಟುಬಿಡುತ್ತಾರೆ. ಉಳಿಯುವವರು ಹೆಚ್ಚೆಂದರೆ ಇಪ್ಪತ್ತೈದು ಮಂದಿ: ಹವಾಮಾನ ವಿಜ್ಞಾನಿ, ಭೂಕಾಂತ ತಜ್ಞ, ವೈದ್ಯ, ಮೆಕ್ಯಾನಿಕ್, ಅಡುಗೆಯವರು. ಇನ್ನು ತಿಂಗಳುಗಟ್ಟಲೆ ರಜಾ ಚೀಟಿ ಬರೆದುಕೊಟ್ಟರೂ ಪ್ರಯೋಜನವಿಲ್ಲ, ರಾಜೀನಾಮೆ ಕೊಟ್ಟರೂ ಅಲ್ಲೇ ಇರಬೇಕು! ಮೇ ಮೂರನೆಯ ವಾರದಿಂದ ಸುಮಾರು ಎರಡು ತಿಂಗಳು ಸೂರ್ಯನೂ ಮುಖ ತೋರಿಸುವುದಿಲ್ಲ.

ಇಂಥ ನೌಕರರ ಮನಸ್ಸನ್ನು ಕಾಯುವ ಕೆಲಸ ಅವರು ಹೊರಡುವ ಮೊದಲೇ ಶುರುವಾಗುತ್ತದೆ. ದೇಹದ ಜೊತೆ ಮನಸ್ಸಿನ ಪರೀಕ್ಷೆಯೂ ಆಗುತ್ತದೆ. ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಇಂಡೋ-ಟಿಬೆಟನ್ ಗಡಿ ಪೊಲೀಸರ ಬಳಿ ಹಿಮದ ತರಬೇತಿ. ಹಿಮದ ಮೇಲೆ ನಡೆಯಲು ಕಲಿಸುವುದು ಅದರ ಒಂದು ಭಾಗ. ಯಾರು ಯಾರೊಡನೆ ಹೊಂದಿಕೊಂಡಾರು ಎಂಬುದೂ ಅಲ್ಲೇ ಬಯಲಾಗುತ್ತದೆ.

ಅಲ್ಲಿಗೆ ತಲುಪಿದ ಮೇಲೆ ಒಗ್ಗಟ್ಟಿಗೆ ಆಧಾರ ಅಡುಗೆಮನೆ. ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ, ನೆಲ ಒರೆಸುವ ಸರದಿ ಎಲ್ಲರಿಗೂ ಬರುತ್ತದೆ, ತಂಡದ ನಾಯಕನೂ ಇದಕ್ಕೆ ಹೊರತಲ್ಲ. ಡಾಕ್ಟರೇಟ್ ಪಡೆದವರು ಬಾಣಲೆ ಉಜ್ಜುವುದನ್ನು ದಿನವೂ ನೋಡುವ ಮೆಕ್ಯಾನಿಕ್‌ಗೆ ‘ದೊಡ್ಡವರು, ಚಿಕ್ಕವರು’ ಎಂಬ ಅಳುಕು ಎಷ್ಟು ದಿನ ಉಳಿದೀತು? ಕುಡಿಯುವ ನೀರು ಪಕ್ಕದ ಪ್ರಿಯದರ್ಶಿನಿ ಕೆರೆಯಿಂದ ಬರಬೇಕು. ಕೊಳವೆ ಹೆಪ್ಪುಗಟ್ಟಿದರೆ ಎಲ್ಲರಿಗೂ ಸಂಕಟ. ಆಗ ಅಲ್ಲಿ ಪದವಿಗಿಂತ ಕೈಗಳ ಲೆಕ್ಕವೇ ಮುಖ್ಯ.

ಆದರೂ ಮನಸ್ಸು ಕುಸಿಯುತ್ತದೆ. ನಿದ್ದೆ ಕೆಡುತ್ತದೆ, ಪಕ್ಕದವರು ಚಮಚ ಅಲ್ಲಾಡಿಸುವ ಸದ್ದಿಗೂ ಸಿಟ್ಟು ನೆತ್ತಿಗೇರುತ್ತದೆ. ಇಂಥ ವಾಸದಲ್ಲಿ ಅರ್ಧ ಅವಧಿ ಮುಗಿದ ನಂತರದ ಕಾಲವೇ, ಅಂದರೆ ಮೂರನೆಯ ಕಾಲು ಭಾಗವೇ, ಹೆಚ್ಚು ಕಷ್ಟದ್ದೆಂದು 1991ರಲ್ಲಿ ಬೆಕ್ಟೆಲ್ ಮತ್ತು ಬರ್ನಿಂಗ್ ಎಂಬ ಸಂಶೋಧಕರು ಹೇಳಿದರು. ಎಲ್ಲ ತಂಡಗಳಲ್ಲೂ ಹಾಗೆ ಕಂಡುಬಂದಿಲ್ಲ, ನಿಜ. ಆದರೆ ಪರೀಕ್ಷೆಗೆ ಓದುವ ಮಕ್ಕಳಿಗೆ, ಹಾಸ್ಟೆಲಿನಲ್ಲಿರುವವರಿಗೆ ಈ ಮಾತು ತೀರಾ ಅಪರಿಚಿತವೆನಿಸಲಾರದು.

ಅದಕ್ಕೇ ಇರಬೇಕು, ಜೂನ್ 21ರ ಸುಮಾರಿಗೆ, ಕತ್ತಲಿನ ನಟ್ಟನಡುವೆ, ಖಂಡದ ಎಲ್ಲ ಕೇಂದ್ರಗಳಲ್ಲೂ ಹಬ್ಬ. ದೇಶದೇಶಗಳ ಕೇಂದ್ರಗಳು ಒಂದಕ್ಕೊಂದು ಶುಭಾಶಯ ಕಳಿಸುತ್ತವೆ. ಮೈತ್ರಿಗೆ ರಷ್ಯನ್ನರ ನೊವೊಲಜರೆವ್‌ಸ್ಕಾಯ ಕೇಂದ್ರ ಕೆಲವೇ ಕಿಲೋಮೀಟರ್ ದೂರ. ನೆರೆಹೊರೆ ಎಂದರೆ ಅದೊಂದೇ.

ಹಿಂದೆ ಮನೆಯ ಕಾಗದಕ್ಕೆ ಹಡಗಿನ ದಾರಿ ಕಾಯಬೇಕಿತ್ತು. ಈಗ ಉಪಗ್ರಹದ ಮೂಲಕ ಅಮ್ಮನ ದನಿ ಕೇಳುತ್ತದೆ. ಇದು ವರವೂ ಹೌದು, ಕಷ್ಟವೂ ಹೌದು. ಊರಿನಲ್ಲಿ ತಂದೆ ಆಸ್ಪತ್ರೆ ಸೇರಿದ ಸುದ್ದಿ ಆ ಕ್ಷಣವೇ ತಲುಪುತ್ತದೆ. ಮಗ ಮಾತ್ರ ವಿಮಾನ ಬರುವ ತನಕ ಹೊರಡುವಂತಿಲ್ಲ. ಆಗ ನಾಯಕ ಮಾಡಬಹುದಾದದ್ದು ಬಹಳವಿಲ್ಲ. ಪಕ್ಕದಲ್ಲಿ ಕೂರಬಹುದು, ಆ ದಿನದ ಅಡುಗೆಮನೆ ಸರದಿಯನ್ನು ತಾನು ವಹಿಸಿಕೊಳ್ಳಬಹುದು.

ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸವೆಂದು ಅಪ್ಪಂದಿರು ಭಾವಿಸಬೇಕಿಲ್ಲ. 1983-84ರ ಯಾತ್ರೆಯಲ್ಲೇ ಅದಿತಿ ಪಂತ್ ಹಾಗೂ ಸುದೀಪ್ತಾ ಸೇನ್‌ಗುಪ್ತಾ ಇದ್ದರು. 2012ರಲ್ಲಿ ಆರಂಭವಾದ ‘ಭಾರತಿ’ ಕೇಂದ್ರದಲ್ಲಿ ಇಸ್ರೋದ ಮಂಗಳಾ ಮಣಿ 56ರ ವಯಸ್ಸಿನಲ್ಲಿ, ತಂಡದ ಏಕೈಕ ಮಹಿಳೆಯಾಗಿ ಚಳಿಗಾಲವನ್ನೂ ಕಳೆದು, 403 ದಿನಗಳ ವಾಸ ಮುಗಿಸಿ 2017ರ ಕೊನೆಯಲ್ಲಿ ಮರಳಿದರು.

ಜುಲೈ ಮುಗಿಯುವ ಮೊದಲು ಉತ್ತರದ ದಿಗಂತದಲ್ಲಿ ಸೂರ್ಯ ಒಂದಿಷ್ಟು ಹೊತ್ತು ಇಣುಕುತ್ತಾನೆ. ಬೇಸಿಗೆಯ ಮೊದಲ ವಿಮಾನಕ್ಕೆ ಆಗಿನ್ನೂ ತಿಂಗಳುಗಳು ಬಾಕಿ. ಅದರಲ್ಲಿ ಹೊಸ ತಂಡ ಬರಬೇಕು, ಜೊತೆಗೆ ತಾಜಾ ತರಕಾರಿಯೂ.