ಅಮ್ಮನ ಮಂಡಿಯ ಎಕ್ಸ್‌ಪೈರಿ ಡೇಟ್

ಮಂಡಿ ಆಪರೇಷನ್ ಮುಗಿಸಿಕೊಂಡು ಅಮ್ಮ ಬೆಂಗಳೂರಿಂದ ಶಿಡ್ಲಘಟ್ಟದ ಹತ್ತಿರದ ನಮ್ಮೂರಿಗೆ ಬಂದ ದಿನ, ಡಿಸ್ಚಾರ್ಜ್ ಫೈಲಿಗೆ ಅಂಟಿಸಿದ್ದ ಸ್ಟಿಕ್ಕರ್ ನೋಡ್ತಾ ಕೂತಿದ್ದೆ. ಲಾಟ್ ನಂಬರ್, 'ಸ್ಟೆರೈಲ್' ಪಕ್ಕ ಒಂದು 'ಆರ್', ಮರಳು ಗಡಿಯಾರದ ಚಿತ್ರ, ಅದರ ಮುಂದೆ ಮೂರು ವರ್ಷ ಆಚೆಗಿನ ಒಂದು ತಾರೀಖು.

ಅಮ್ಮ ಇಣುಕಿದಳು. "ಏನಪ್ಪಾ, ಮಾತ್ರೆ ಮೇಲೆ ಇದ್ದಂಗೆ ಡೇಟ್ ಐತೆ? ಅಷ್ಟೊತ್ತಿಗೆ ಮಂಡಿ ಕೆಟ್ಟೋಯ್ತದಾ?"

ನಕ್ಕೆ, ಆದರೆ ಉತ್ತರ ಗೊತ್ತಿರಲಿಲ್ಲ. ಆಫೀಸಲ್ಲಿ ಸಣ್ಣ ಅಪ್‌ಡೇಟ್ ಹಾಕೋಕೂ ರಿಲೀಸ್ ನೋಟ್ಸ್ ಓದೋ ನಾನು, ಅಮ್ಮನ ಮೈಯೊಳಗೆ ಹೋಗೋ ವಸ್ತುವಿಗೆ ಓದದೇ ಸಹಿ ಹಾಕಿದ್ದೆ.

ಅವತ್ತು ರಾತ್ರಿ ಕೂತು ಓದಿದೆ. ಕೃತಕ ಮಂಡಿಯ ಎರಡು ಲೋಹದ ಭಾಗಗಳ ನಡುವೆ ಕೂರೋದು ಪಾಲಿಎಥಿಲೀನ್. ಹಾಲಿನ ಪ್ಯಾಕೆಟ್ಟಿನ ಜಾತಿಯದ್ದೇ, ಅಣುಗಳ ಸರಪಳಿ ಮಾತ್ರ ವಿಪರೀತ ಉದ್ದ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್‌ಲಿ ಸೊಂಟದ ಕೀಲಿಗೆ ಇದನ್ನು ಬಳಸಿದರು. 'ಆರ್' ಅಂದರೆ ರೇಡಿಯೇಶನ್. ಗಾಮಾ ಕಿರಣ ಕ್ರಿಮಿಗಳನ್ನು ಕೊಲ್ಲುತ್ತೆ, ಜೊತೆಗೆ ಈ ಸರಪಳಿಗಳನ್ನೂ ಅಲ್ಲಲ್ಲಿ ಕಡಿಯುತ್ತೆ. ಕಡಿದ ತುದಿಗೆ ಆಮ್ಲಜನಕ ಸಿಕ್ಕರೆ ಪ್ಲಾಸ್ಟಿಕ್ ನಿಧಾನಕ್ಕೆ ಪೆಡಸಾಗುತ್ತೆ. 1990ರ ದಶಕದ ಮಧ್ಯದವರೆಗೂ ಬಹುಪಾಲು ಗಾಳಿ ಇರೋ ಪ್ಯಾಕ್‌ನಲ್ಲೇ ಕಿರಣ ಹಾಯಿಸ್ತಿದ್ದರು. ಕಪಾಟಿನಲ್ಲಿ ವರ್ಷಗಟ್ಟಲೆ ಕೂತವು ಯಾರ ಮೈಗೂ ಸೇರುವ ಮೊದಲೇ ಒಳಗೊಳಗೆ ಮುದಿಯಾಗಿ, ಆಮೇಲೆ ಪದರ ಪದರವಾಗಿ ಎದ್ದವು. ಮೊದಲ ದಿನ ಎಲ್ಲ ಟೆಸ್ಟೂ ಪಾಸ್. ಬಗ್ ಕಾಣೋದು ವರ್ಷಗಳ ಮೇಲೆ, ನಡೆದಾಡೋ ಮನುಷ್ಯರ ಕಾಲಲ್ಲಿ.

ಈಗ ಗಾಳಿ ತೆಗೆದು ಅಥವಾ ನೈಟ್ರೋಜನ್ ತುಂಬಿ ಪ್ಯಾಕ್ ಮಾಡ್ತಾರೆ, ಕೆಲವಕ್ಕೆ ವಿಟಮಿನ್ ಇ ಬೆರೆಸ್ತಾರೆ. ಸ್ಟಿಕ್ಕರಿನ ತಾರೀಖು ಕಪಾಟಿನ ಗಡುವು, ಮೈಗೆ ಸೇರಿದ ಮಂಡಿಯದ್ದಲ್ಲ. ಚೆಕಪ್‌ಗೆ ಹೋದಾಗ ಡಾಕ್ಟರನ್ನೂ ಕೇಳಿದೆ. "ಗಾಳಿ ತೆಗೆದ ಪ್ಯಾಕೇ" ಅಂದರು. ಮೊದಲೇ ಕೇಳಬಹುದಿತ್ತು.

ಅಮ್ಮನಿಗೆ ಹೇಳೋದು ಹೇಗೆ? ಅಂಗಳದಲ್ಲಿ ರೇಷ್ಮೆಹುಳ ಗೂಡು ಕಟ್ಟೋ ಪ್ಲಾಸ್ಟಿಕ್ ನೇತ್ರಿಕೆಗಳು ಒಣಗ್ತಿದ್ದವು.

"ರೋಗ ಹೋಗಲಿ ಅಂತ ಅದನ್ನ ತೊಳೆದು ಬಿಸಿಲಿಗೆ ಹಾಕ್ತೀಯಲ್ಲ? ಅದೇ ಬಿಸಿಲಿಗೆ ಅದು ಪಟಪಟ ಮುರಿಯುತ್ತೆ. ಹಂಗೇನೇ."

ಅಮ್ಮ ಯೋಚಿಸಿದಳು. "ಹಂಗಾದ್ರೆ ನಾನು ಬಿಸಿಲಾಗೆ ಓಡಾಡಬಾರ್ದಾ?"

"ಮಂಡಿಯೊಳಕ್ಕೆ ಬಿಸಿಲು ಬರಲ್ಲಮ್ಮ."

"ಸರಿ ಬಿಡು. ಒಣಗಿದ್ದು ಸಾಕು, ಮೊದ್ಲು ಅವನ್ನ ನೆರಳಿಗೆ ಎತ್ತಾಕು" ಅಂತ ವಾಕರ್ ಹಿಡಿದು ಎದ್ದಳು.