ಉರಿಯುವ ಹಂಟರ್‌ನಿಂದ ಹಾರಿದವರು

1965ರ ಸೆಪ್ಟೆಂಬರ್ 22. ಭಾರತ-ಪಾಕಿಸ್ತಾನ ಯುದ್ಧದ ಕದನವಿರಾಮಕ್ಕೆ ಇನ್ನೊಂದು ರಾತ್ರಿಯಷ್ಟೇ ಬಾಕಿ. ಗಡಿಯಾಚೆ, ಕಸೂರಿನ ಕಡೆ, ನಮ್ಮ ಹಂಟರ್ ಯುದ್ಧವಿಮಾನಗಳು ನೆಲದತ್ತ ಎರಗುತ್ತಿವೆ. ಮುಂದಾಳು ಕೊಡಗಿನ ಕೆ.ಸಿ. ಕಾರ್ಯಪ್ಪ, ಮನೆಯವರಿಗೆ ನಂದಾ. ವಯಸ್ಸು 27. ಜೊತೆಗೆ ಸೆಹಗಲ್, ಕುಕ್ಕೆ ಸುರೇಶ್. ಕೆಳಗಿನಿಂದ ಗುಂಡಿನ ಸುರಿಮಳೆ. ಸೆಹಗಲ್ ವಿಮಾನಕ್ಕೆ ಏಟು ಬಿತ್ತು, ಅವರು ಹಿಂದಿರುಗಿದರು. ನಂದಾ ಹಿಂದಿರುಗಲಿಲ್ಲ. ಮೇಲೇರಿದರು, ಎರಗಿದರು. ಮತ್ತೆ ಏರಿದರು, ಮತ್ತೆ ಎರಗಿದರು.

ಧಡ್!

ಹಂಟರ್ ಹೊತ್ತಿಕೊಂಡಿತು. ವಿಮಾನ ಬಿಟ್ಟು ಹಾರುವಂತೆ ರೇಡಿಯೊದಲ್ಲಿ ಕುಕ್ಕೆಯವರ ಕೂಗು. ಹಿಡಿತ ತಪ್ಪುತ್ತಿದೆ, ನೆಲ ಮೇಲೆದ್ದು ಬರುತ್ತಿದೆ. ಕೊನೆಗೆ ಇಜೆಕ್ಷನ್ ಸೀಟಿನ ಹಿಡಿ ಎಳೆದೇಬಿಟ್ಟರು! ಆಸನದ ಸಮೇತ ಆಕಾಶಕ್ಕೆ ಚಿಮ್ಮಿದ ದೇಹ ಕುಕ್ಕರಿಸಿದಂತೆ ನೆಲಕ್ಕೆ ಬಿತ್ತು. ಬೆನ್ನುಮೂಳೆಗೆ ಪೆಟ್ಟು. ಏಳಲಾಗದು. ಸುತ್ತ ಖಾಕಿ ತೊಟ್ಟ ಸೈನಿಕರು. ನಮ್ಮವರೇ ಇರಬೇಕು ಎಂದುಕೊಂಡರು. ಅಷ್ಟರಲ್ಲಿ ಫಿರಂಗಿ ಗುಡುಗಿತು. ಅದು ನಿಮ್ಮವರ ಫಿರಂಗಿ ಎಂದು ಪಕ್ಕದಲ್ಲಿದ್ದವರು ಹೇಳಿದಾಗಲೇ ತಾವು ಸೆರೆಸಿಕ್ಕಿದ್ದು ಅವರಿಗೆ ಅರಿವಾದದ್ದು.

ಕೈದಿ ಹೇಳಿದ್ದು ಹೆಸರು, ಹುದ್ದೆ, ಸೇವಾ ಸಂಖ್ಯೆ ಮಾತ್ರ. ಆ ಹೆಸರೇ ಸಾಕಾಯಿತು. ಸ್ವತಂತ್ರ ಭಾರತದ ಭೂಸೇನೆಯ ಮೊದಲ ಭಾರತೀಯ ದಂಡನಾಯಕ ಕೆ.ಎಂ. ಕಾರ್ಯಪ್ಪನವರ ಮಗ ಈತ! ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುಂಚೆ ಅದೇ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಮಗ ಕ್ಷೇಮವಾಗಿದ್ದಾನೆಂದು ಅಪ್ಪನಿಗೆ ಸುದ್ದಿ ಮುಟ್ಟಿಸಿದರು. ಮಗನಿಗೆ ವಿಶೇಷ ಸವಲತ್ತು ಬೇಡ, ಸೆರೆಯಲ್ಲಿರುವ ಭಾರತದ ಯೋಧರೆಲ್ಲರೂ ನನ್ನ ಮಕ್ಕಳೇ ಎಂಬ ಅರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಆ ಮಾತನ್ನು ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಹೆತ್ತ ಕರುಳು ಅದನ್ನು ಹೇಳುವುದು ಸುಲಭವೇ?

ಆಸ್ಪತ್ರೆ, ಒಂಟಿ ಕೋಣೆ, ಆಮೇಲೆ ದರ್ಗೈನ ಸೆರೆಶಿಬಿರದಲ್ಲಿ ನಮ್ಮ ಉಳಿದ ಅಧಿಕಾರಿಗಳ ಜೊತೆ ದಿನಗಳು. 1966ರ ಜನವರಿ 22ರಂದು, ಸರಿಯಾಗಿ ನಾಲ್ಕು ತಿಂಗಳಿಗೆ, ಬಿಡುಗಡೆ.

ಬಹಳ ಜನ ಈ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಮುಂದಿನ 30 ವರ್ಷ. ಬೆನ್ನುಮೂಳೆ ನೊಂದ ಪೈಲಟ್‌ಗೆ ಮನೆ ಸೇರಲು ನೆಪ ಬೇಕಿರಲಿಲ್ಲ. ಅವರು ಸೇರಿದ್ದು ಹೆಲಿಕಾಪ್ಟರಿನ ಕಾಕ್‌ಪಿಟ್! 1971ರ ಯುದ್ಧದ ಹೊತ್ತಿಗೆ ಹೆಲಿಕಾಪ್ಟರ್ ಘಟಕವೊಂದರ ಮುಖ್ಯಸ್ಥರು. ಮೆಟ್ಟಿಲು ಮೆಟ್ಟಿಲಾಗಿ ಏರಿ ಏರ್ ಮಾರ್ಷಲ್ ಆದರು, ನೈಋತ್ಯ ವಾಯು ಕಮಾಂಡ್‌ನ ಹೊಣೆ ಹೊತ್ತರು, 1996ರಲ್ಲಿ ನಿವೃತ್ತರಾದರು.

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕೆಂಪು ಬಾಳೆಯ ಕಮಲಾಪುರ ದಾಟುವಾಗ ನನಗೆ ಈ ಮನುಷ್ಯ ನೆನಪಾಗುವುದಕ್ಕೆ ಕಾರಣವಿದೆ. ಅದೇ ಹಾದಿ ಮುಂದೆ ಬೀದರ್‌ಗೆ ಹೋಗುತ್ತದೆ. ದೇಶದ ಫೈಟರ್ ಪೈಲಟ್‌ಗಳು ಹಾಕ್ ವಿಮಾನದಲ್ಲಿ ಪಳಗುವುದು ಬೀದರ್‌ನ ವಾಯುನೆಲೆಯಲ್ಲಿ. ವಾಯುಸೇನೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ಮನೆಯೂ ಅದೇ. 2019ರ ನವೆಂಬರ್‌ನಿಂದ ಕಲಬುರಗಿಗೂ ವಿಮಾನ ನಿಲ್ದಾಣವಿದೆ. ತೊಗರಿ ಹೊಲದ ಬದುವಿನಲ್ಲಿ ನಿಂತ ಹುಡುಗ ತಲೆಯೆತ್ತಿ ವಿಮಾನ ನೋಡುತ್ತಾನೆ, ಆದರೆ ಅದನ್ನು ಹಾರಿಸುವವನು ಬೇರೆ ಯಾವುದೋ ಸೀಮೆಯವನೇ ಇರಬೇಕು ಎಂದುಕೊಳ್ಳುತ್ತಾನೆ. ಇದು ನನಗೆ ಸಹಿಸಲಾಗದ ಮಾತು. ಕೊಡಗಿನಲ್ಲಿ ದಂಡಿಗೆ ಹೋಗುವುದು ಮನೆಮಾತು. ಅದೇ ಕೊಡಗಿನ ಎ.ಬಿ. ದೇವಯ್ಯ 1965ರ ಯುದ್ಧದಲ್ಲೇ ಸರ್ಗೋಧಾ ದಾಳಿಗೆ ಹೋಗಿ ಮರಳಲಿಲ್ಲ, 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ನಮ್ಮ ಕಡೆಯ ಮನೆಗಳಲ್ಲಿ ದಂಡಿಗೆ ಹೋಗುವ ಮಾತು ಇನ್ನೂ ಹುಟ್ಟಬೇಕಿದೆ.

ಕಮಲಾಪುರದ ಮೇಷ್ಟ್ರೇ, ಕಲಬುರಗಿಯ ಪಿಯು ಕಾಲೇಜಿನ ಮೇಡಂ, ಗಣಿತ ಮತ್ತು ಭೌತಶಾಸ್ತ್ರ ಓದುತ್ತಿರುವ ನಿಮ್ಮ ಹುಡುಗರಿಗೆ ಈ ಕಥೆ ಹೇಳಿ. ವಿಜಯಪುರದ ಸೈನಿಕ ಶಾಲೆ 1963ರಿಂದ ನಡೆಯುತ್ತಿದೆ ಎಂದೂ ತಿಳಿಸಿ. ಪಿಯು ಮುಗಿಸುವವರಿಗೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ (ಎನ್‌ಡಿಎ) ಪ್ರವೇಶ ಪರೀಕ್ಷೆ ಇದೆ. 2021ರಿಂದ ಅದನ್ನು ಹೆಣ್ಣುಮಕ್ಕಳೂ ಬರೆಯುತ್ತಿದ್ದಾರೆ.