ದಿನಗೂಲಿ ಮತ್ತು ಇನಾಮು

2018ರ ಮಾರ್ಚ್ 17ರ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಹೊರಬರುವಾಗ ನಮ್ಮ ಕೈ ಹಿಡಿದಿದ್ದ ಒಂಬತ್ತು ವರ್ಷದ ಮಗ ಅಳುತ್ತಿದ್ದ. ಇಂಡಿಯನ್ ಸೂಪರ್ ಲೀಗ್‌ನ ಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ತಂಡ ಚೆನ್ನೈಯಿನ್ ಎಫ್‌ಸಿ ಎದುರು 2-3ರಿಂದ ಸೋತಿತ್ತು. ಒಂಬತ್ತನೇ ನಿಮಿಷದಲ್ಲಿ ಸುನಿಲ್ ಚೆಟ್ರಿ ಗೋಲು ಹೊಡೆದಾಗ ನಮ್ಮ ಹೆಗಲೇರಿ ಕೂಗಿದ್ದವನು ಈಗ ಬಸ್ ಸ್ಟಾಪಿನವರೆಗೂ ಮಾತಾಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಕೇಳಿದ: “ಅಬ್ಬಾ, ಲಿಸ್ಟ್‌ನಲ್ಲಿ ನಾವೇ ಫಸ್ಟ್ ಇದ್ವಲ್ಲ, ಮತ್ತೆ ಕಪ್ ಅವರಿಗೆ ಯಾಕೆ ಕೊಟ್ರು?”

“ಆಟ ಅಂದ್ರೆ ಹಾಗೇ ಬೇಟಾ” ಎಂದು ಹೇಳಿ ನಾವು ಕಿಟಕಿಯಾಚೆ ನೋಡಿದೆವು. ಅದು ಉತ್ತರವಲ್ಲವೆಂದು ನಮಗೂ ಗೊತ್ತಿತ್ತು. ಸೂಪರ್ ಲೀಗ್‌ಗೆ ಬಂದ ಮೊದಲ ವರ್ಷವೇ ನಮ್ಮ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಅಗ್ರಸ್ಥಾನದಲ್ಲಿತ್ತು. ಎರಡನೇ ಸ್ಥಾನದ ಚೆನ್ನೈಯಿನ್‌ಗೆ 32 ಅಂಕ. ಎಂಟು ಅಂಕಗಳ ಆ ಅಂತರ ಒಂದೇ ಸಂಜೆಯಲ್ಲಿ ಅಳಿಸಿಹೋಯಿತು. ಅಗ್ರಸ್ಥಾನಕ್ಕೆಂದು ಪ್ರತ್ಯೇಕವಾದ ಶೀಲ್ಡ್ ಕೂಡ ಆಗ ಇರಲಿಲ್ಲ. ಅದು ಬಂದದ್ದು 2019-20ರಲ್ಲಿ.

ನಮ್ಮ ತಂದೆ ಬದುಕಿದ್ದರೆ ಮೊಮ್ಮಗನಿಗೆ ಇನ್ನೂ ಚೆನ್ನಾಗಿ ಉತ್ತರ ಹೇಳುತ್ತಿದ್ದರೋ ಏನೋ. ಬಡಗಿ ಕೆಲಸ ಮಾಡುತ್ತಿದ್ದ ಅವರಿಗೆ ಫುಟ್ಬಾಲ್ ಎಂದರೆ ಪ್ರಾಣ. ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ ಎಚ್‌ಎಎಲ್, ಐಟಿಐ, ಎಂಇಜಿ ತಂಡಗಳ ಆಟ ನೋಡಲು ನಮ್ಮನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಮೊಹಲ್ಲಾದ ಹಿರಿಯರಿಂದ ಕೇಳಿದ ಕಥೆಗಳು ಅವರ ಬಾಯಲ್ಲಿದ್ದವು. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮಡನ್ ಸ್ಪೋರ್ಟಿಂಗ್, ಆ ತಂಡಕ್ಕೆ ಆಡಲು ನಮ್ಮ ಬೆಂಗಳೂರಿನಿಂದ ರೈಲು ಹತ್ತಿದ ಹುಡುಗರು, 1937 ಮತ್ತು 1938ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಹೀಗೆ. ಅವರು ಒಂದು ಮಾತು ಹೇಳುತ್ತಿದ್ದರು: “ಲೀಗ್ ಅಂದ್ರೆ ದಿನಗೂಲಿ, ಕಪ್ ಅಂದ್ರೆ ಇನಾಮು. ಇನಾಮು ಸಿಗದಿದ್ರೆ ಸುಮ್ನಿರಬಹುದು, ಕೂಲಿ ಮಾತ್ರ ಸಿಗ್ಲೇಬೇಕು.”

ಆ ಕಾಲದಲ್ಲಿ ಇವೆರಡೂ ಬೇರೆಬೇರೆಯಾಗಿದ್ದವು. ಕಲ್ಕತ್ತಾ ಲೀಗ್‌ನಲ್ಲಿ ಇಡೀ ಋತುವಿನ ಬೆವರಿಗೆ ಬೆಲೆಯಿತ್ತು. ರೋವರ್ಸ್ ಕಪ್‌ನಲ್ಲಿ ಆ ದಿನದ ಆಟಕ್ಕೆ, ಆ ದಿನದ ಅದೃಷ್ಟಕ್ಕೂ ಬೆಲೆಯಿತ್ತು. ಈಗಿನ ಪ್ಲೇಆಫ್ ಪದ್ಧತಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಿದೆ. ತಿಂಗಳುಗಟ್ಟಲೆ ಆಡಿದ ಲೀಗ್ ಕೊನೆಗೊಂದು ಪ್ರವೇಶ ಪರೀಕ್ಷೆಯಾಗಿಬಿಡುತ್ತದೆ. ಹಾಗಿರುವಾಗ ಆ ಪರೀಕ್ಷೆಯಲ್ಲಿ ಎಷ್ಟು ಜನ ಪಾಸಾಗಬೇಕು ಎಂಬ ಪ್ರಶ್ನೆ ಏಳುವುದು ಸಹಜವೇ.

2014ರಲ್ಲಿ ಸೂಪರ್ ಲೀಗ್ ಶುರುವಾದಾಗ ಎಂಟು ತಂಡಗಳಲ್ಲಿ ನಾಲ್ಕು ಸೆಮಿಫೈನಲ್‌ಗೆ ಹೋಗುತ್ತಿದ್ದವು. 2022-23ರಲ್ಲಿ ಈ ಬಾಗಿಲನ್ನು ಅಗಲ ಮಾಡಿ, 11 ತಂಡಗಳಲ್ಲಿ ಆರಕ್ಕೆ ಅವಕಾಶ ಕೊಟ್ಟರು. ಮೊದಲೆರಡು ತಂಡಗಳು ನೇರವಾಗಿ ಸೆಮಿಫೈನಲ್‌ಗೆ. ಮೂರನೆಯ ತಂಡ ಆರನೆಯದರೊಡನೆ, ನಾಲ್ಕನೆಯದು ಐದನೆಯದರೊಡನೆ ಒಂದೇ ಪಂದ್ಯ ಆಡಬೇಕು. ಪಟ್ಟಿಯಲ್ಲಿ ಮೇಲಿದ್ದವರಿಗೆ ತವರಿನ ಮೈದಾನ. ಇದು ನಮ್ಮ ದೇಶದ ಹುಚ್ಚು ಮಾತ್ರವಲ್ಲ. ಅಮೆರಿಕದವರು ಫುಟ್ಬಾಲ್ ಎಂದು ಕರೆಯುವ ಆ ಬೇರೆ ಆಟದ ಲೀಗ್‌ನಲ್ಲಿ 2020ರಲ್ಲಿ ಪ್ಲೇಆಫ್ ತಂಡಗಳು 12ರಿಂದ 14ಕ್ಕೇರಿದವು. ಅಲ್ಲಿರುವುದು 32 ತಂಡಗಳು. ಅದೇ ದೇಶದ ಮೇಜರ್ ಲೀಗ್ ಸಾಕರ್ 2023ರಲ್ಲಿ 29 ತಂಡಗಳ ಪೈಕಿ 18ಕ್ಕೆ ಜಾಗ ಕೊಟ್ಟಿತು. ಹೆಚ್ಚು ಪಂದ್ಯಗಳೆಂದರೆ ಟಿ.ವಿ.ಗೆ ಮಾರಲು ಹೆಚ್ಚು ಸರಕು ಎಂಬುದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಬಾಗಿಲು ಅಗಲವಾಗಲಿ ಎನ್ನುವವರೆಲ್ಲ ವ್ಯಾಪಾರಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮದೇ ಒಂದು ಸಂಗತಿ ಹೇಳಬೇಕು. ಉರ್ದು ಶಾಲೆಯಲ್ಲಿ ಓದಿ, ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದವರು ನಾವು. ಕನ್ನಡದಲ್ಲಿ ಬರೆದ ಮೊದಲ ಕಥೆಯನ್ನು ಒಂದು ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸಿದ್ದೆವು. ಮೊದಲ ಮೂರು ಬಹುಮಾನಗಳಲ್ಲಿ ನಮ್ಮ ಹೆಸರಿರಲಿಲ್ಲ. ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಮೆಚ್ಚುಗೆ ಪಡೆದ ಕಥೆಗಳು’ ಎಂಬ ಪಟ್ಟಿಯಿತ್ತು. ಅದರಲ್ಲಿತ್ತು. ಆ ಪುಟವನ್ನು ಎಷ್ಟು ಸಲ ಮಡಚಿ ಬಿಚ್ಚಿದೆವೆಂದರೆ ಮಡಿಕೆಯಲ್ಲಿ ಹರಿದೇಹೋಯಿತು. ಆ ಪಟ್ಟಿ ಇಲ್ಲದಿದ್ದರೆ ಎರಡನೇ ಕಥೆ ಬರೆಯುತ್ತಿದ್ದೆವೆಂದು ಹೇಳುವ ಧೈರ್ಯ ನಮಗಿಲ್ಲ. ಆರನೇ ಸ್ಥಾನದ ತಂಡಕ್ಕೆ ಒಂದು ಕುರ್ಚಿ ಹಾಕಿದರೆ ಆ ಊರಿನ ಮಕ್ಕಳು ಕೊನೆಯ ವಾರದವರೆಗೂ ಆಸೆಯಿಂದ ಮೈದಾನಕ್ಕೆ ಬರುತ್ತಾರೆ. ಆಸೆ ಸಣ್ಣ ವಸ್ತುವಲ್ಲ.

ಆದರೆ ಒಂದು ವ್ಯತ್ಯಾಸವಿದೆ. ನಮ್ಮ ಕಥೆಯನ್ನು ಮೆಚ್ಚಿದವರು ಮೊದಲ ಬಹುಮಾನ ಪಡೆದವರನ್ನು ಮತ್ತೆ ಕರೆದು, “ಇವತ್ತು ಒಂದೇ ಗಂಟೆಯಲ್ಲಿ ಇಬ್ಬರೂ ಬರೆಯಿರಿ, ಗೆದ್ದವರಿಗೆ ಬಹುಮಾನ” ಎನ್ನಲಿಲ್ಲ. ಪ್ಲೇಆಫ್ ಮಾಡುವುದು ಅದನ್ನೇ. 2022-23ರ ಲೆಕ್ಕ ನೋಡಿ. 20 ಪಂದ್ಯಗಳ ಕೊನೆಗೆ ಮುಂಬೈ ಸಿಟಿಗೆ 46 ಅಂಕ, ಹೈದರಾಬಾದಿಗೆ 42. ಮೂರನೆಯ ಮೋಹನ್ ಬಾಗಾನ್‌ಗೂ ನಾಲ್ಕನೆಯ ಬೆಂಗಳೂರಿಗೂ ತಲಾ 34. ಸೆಮಿಫೈನಲ್‌ಗಳಲ್ಲಿ ಮೊದಲೆರಡು ತಂಡಗಳೂ ಪೆನಾಲ್ಟಿಯಲ್ಲಿ ಸೋತು ಹೊರಬಿದ್ದವು. ಫೈನಲ್ ಆಡಿದ್ದು ಮೂರನೆಯ ಮತ್ತು ನಾಲ್ಕನೆಯ ತಂಡಗಳು. ಅಲ್ಲಿಯೂ 2-2, ಅಲ್ಲಿಯೂ ಪೆನಾಲ್ಟಿ. ಮೋಹನ್ ಬಾಗಾನ್ ಗೆದ್ದಿತು.

ಆ ವರ್ಷದ ಮಾರ್ಚ್ 3ರಂದು ಕಂಠೀರವದಲ್ಲಿ ನಡೆದದ್ದನ್ನು ಅಲ್ಲಿದ್ದವರು ಯಾರೂ ಮರೆಯಲಾರರು. ನಾಲ್ಕನೆಯ ನಾವು, ಐದನೆಯ ಕೇರಳ ಬ್ಲಾಸ್ಟರ್ಸ್. ಗೋಲಿಲ್ಲದೆ ಆಟ ಹೆಚ್ಚುವರಿ ಅವಧಿಗೆ ಹೋಯಿತು. ಒಂದು ಫ್ರೀಕಿಕ್. ಕೇರಳದವರು ಗೋಡೆ ಕಟ್ಟಲು ಹೊರಡುವಷ್ಟರಲ್ಲಿ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದರು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನು ಮೈದಾನದಿಂದ ಹೊರಕ್ಕೆ ಕರೆದುಕೊಂಡು ಹೋದರು. ಅವರು ಮರಳಲಿಲ್ಲ, ಪಂದ್ಯ ನಮ್ಮದಾಯಿತು. ಮುಂದೆ ಫುಟ್ಬಾಲ್ ಫೆಡರೇಶನ್ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ನಾವು ಆ ರಾತ್ರಿ ಕುಣಿದವರೇ. ಮನೆಗೆ ಬಂದ ಮೇಲೆ ಮಾತ್ರ, ತಿಂಗಳುಗಟ್ಟಲೆ ದುಡಿದ ತಂಡವೊಂದರ ಕೂಲಿ ಒಂದು ಕ್ಷಣದ ಗೊಂದಲದಲ್ಲಿ ಹೋಯಿತಲ್ಲ ಅನ್ನಿಸಿತು. ಹಳೆಯ ನಿಯಮವಿದ್ದಿದ್ದರೆ ನಾಲ್ಕನೆಯವರಾದ ನಾವು ನೇರ ಸೆಮಿಫೈನಲ್‌ನಲ್ಲಿರುತ್ತಿದ್ದೆವು, ಐದನೆಯವರು ಆ ಸಂಜೆ ಬೆಂಗಳೂರಿಗೆ ಬರುತ್ತಲೇ ಇರಲಿಲ್ಲ.

2025ರಲ್ಲಿ ನಮ್ಮ ಪ್ರಾಮಾಣಿಕತೆಗೇ ಪರೀಕ್ಷೆ ಎದುರಾಯಿತು. ಬೆಂಗಳೂರು ಮೂರನೆಯ ಸ್ಥಾನದಲ್ಲಿತ್ತು. ಮಾರ್ಚ್ 29ರಂದು, ರಂಜಾನ್ ಮುಗಿಯುವ ಹೊತ್ತಿಗೆ, ರೋಜಾ ಬಿಟ್ಟು ಮಗನೊಡನೆ ಓಡೋಡಿ ಕಂಠೀರವ ಸೇರಿದೆವು. ಆರನೆಯ ಮುಂಬೈಯನ್ನು ನಮ್ಮವರು 5-0ಯಿಂದ ಸೋಲಿಸಿದರು. ಸೆಮಿಫೈನಲ್‌ನಲ್ಲಿ ಗೋವಾವನ್ನೂ ದಾಟಿದರು. ಏಪ್ರಿಲ್ 12ರಂದು ಕೋಲ್ಕತ್ತಾದಲ್ಲಿ ಮೋಹನ್ ಬಾಗಾನ್ ಜೊತೆ ಫೈನಲ್. ಲೀಗ್‌ನಲ್ಲಿ ಅವರಿಗೆ 56 ಅಂಕ, ನಮಗೆ 38. ದ್ವಿತೀಯಾರ್ಧದಲ್ಲಿ ಅವರದೇ ಆಟಗಾರನ ಕಾಲಿಗೆ ತಗುಲಿ ಚೆಂಡು ಅವರ ಗೋಲಿಗೆ ಹೋದಾಗ ಟಿ.ವಿ. ಮುಂದೆ ಎದ್ದುನಿಂತ ನಮಗೆ 18 ಅಂಕಗಳ ಅಂತರ ನೆನಪಾಯಿತೇ? ಇಲ್ಲ. 2018ರ ಎಂಟು ಅಂಕಗಳಿಗೆ ಅತ್ತ ಮನೆಯಲ್ಲೇ ಈ ಹದಿನೆಂಟು ಅಂಕಗಳನ್ನು ಕೇಳುವವರಿರಲಿಲ್ಲ. ಕೊನೆಗೆ ಹೆಚ್ಚುವರಿ ಅವಧಿಯಲ್ಲಿ ಅವರೇ 2-1ರಿಂದ ಗೆದ್ದರು. ನಮಗೆ ದುಃಖವಾಯಿತು. ಆದರೆ ಸಲ್ಲಬೇಕಾದವರಿಗೇ ಸಂದಿತು ಎಂದು ಒಪ್ಪಿಕೊಳ್ಳಲು ಬೆಳಗಾಗಬೇಕಾಯಿತು.

ಅಂದರೆ ನಾವು ಯಾವ ಮೆಟ್ಟಿಲ ಮೇಲೆ ನಿಂತಿದ್ದೇವೋ ಅಲ್ಲಿಂದಲೇ ನ್ಯಾಯದ ಮಾತಾಡುತ್ತೇವೆ. ಮೇಲಿದ್ದಾಗ ಅರ್ಹತೆ, ಕೆಳಗಿದ್ದಾಗ ಅವಕಾಶ. ಆದ್ದರಿಂದ ನಿಯಮ ಮಾಡುವವರು ಯಾವ ಮೆಟ್ಟಿಲ ಮೇಲೂ ನಿಲ್ಲದೆ ಯೋಚಿಸಬೇಕು. ಹಾಗೆ ಯೋಚಿಸಿದರೆ ನಮಗೆ ತೋಚುವುದು ಇಷ್ಟು. ಬಾಗಿಲು ಅರ್ಧಕ್ಕಿಂತ ಹೆಚ್ಚು ತೆರೆಯಬಾರದು. 11ರಲ್ಲಿ ಆರು ಹೆಚ್ಚಾಯಿತು. 13ರಲ್ಲಿ ಆರು ನಡೆಯುತ್ತದೆ. ಅಲ್ಲಿಂದಾಚೆಗೆ ಬೇಡ. ಎರಡನೆಯದಾಗಿ, ಕೂಲಿ ಇನಾಮಿಗಿಂತ ಕಡಿಮೆಯಾಗಬಾರದು. 2021-22ರಲ್ಲಿ ಬಹುಮಾನದ ಹಣ ಪರಿಷ್ಕರಿಸಿದಾಗ ಪಟ್ಟಿಯ ಅಗ್ರಸ್ಥಾನಕ್ಕೆ ಮೂರೂವರೆ ಕೋಟಿ, ಫೈನಲ್ ಗೆದ್ದವರಿಗೆ ಆರು ಕೋಟಿ ಇಟ್ಟರು. ಇದನ್ನು ತಿರುಗಿಸಿ ಇಟ್ಟರೆ ಅರ್ಧ ಜಗಳ ಮುಗಿಯುತ್ತದೆ.

ಮೂರನೆಯ ಮಾತು ನಮಗೆ ಎಲ್ಲಕ್ಕಿಂತ ಮುಖ್ಯ. ಬಾಗಿಲು ಅಗಲಿಸುವುದೇ ಆದರೆ ಕೆಳಗಿನ ಬಾಗಿಲನ್ನು ಅಗಲಿಸಲಿ. ಸೂಪರ್ ಲೀಗ್‌ನ ಮೊದಲ 11 ಋತುಗಳಲ್ಲಿ ಕೊನೆಯ ಸ್ಥಾನಕ್ಕಿಳಿದ ಯಾವ ತಂಡವನ್ನೂ ಕೆಳಗಿನ ದರ್ಜೆಗೆ ಇಳಿಸಲಿಲ್ಲ. ಕೆಳಗಿನಿಂದ ಆಡಿ ಮೇಲೆ ಬರುವ ದಾರಿ ತೆರೆದದ್ದೇ 2023ರಲ್ಲಿ, ಐ-ಲೀಗ್ ಗೆದ್ದ ಪಂಜಾಬ್ ತಂಡದಿಂದ. ಮರುವರ್ಷ ಅದೇ ದಾರಿಯಲ್ಲಿ ನಮ್ಮ ತಂದೆಯ ಕಥೆಗಳ ಮೊಹಮ್ಮಡನ್ ಸ್ಪೋರ್ಟಿಂಗ್ ಬಂತು. ಬಂದ ವರ್ಷವೇ ಕಟ್ಟಕಡೆಯ ಸ್ಥಾನ, ನಿಜ. ಆದರೂ ಬಂತಲ್ಲ. ಇಂಗ್ಲೆಂಡಿನ ಎರಡನೇ ದರ್ಜೆಯಲ್ಲಿ ಪ್ಲೇಆಫ್ ಬಳಸುವುದು ಹೀಗೆಯೇ. ಮೊದಲೆರಡು ತಂಡಗಳು ನೇರವಾಗಿ ಮೇಲೇರುತ್ತವೆ, ಉಳಿದ ಒಂದು ಜಾಗಕ್ಕೆ ಮಾತ್ರ ಅವುಗಳ ಹಿಂದಿನವರ ಸೆಣಸಾಟ. ಈಗಾಗಲೇ ಒಳಗೆ ಕುಳಿತವರಿಗೆ ಇನ್ನೊಂದು ಅವಕಾಶ ಕೊಡುವುದಕ್ಕಿಂತ ಹೊರಗೆ ನಿಂತವರಿಗೆ ಮೊದಲ ಅವಕಾಶ ಕೊಡುವುದು ದೊಡ್ಡ ಮಾತು. ಗೌತಮಪುರದ, ಆಸ್ಟಿನ್ ಟೌನಿನ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡುವ ಹುಡುಗನಿಗೆ ಬೇಕಾದದ್ದು ಆ ಬಾಗಿಲು.

ನಾವು ಹೀಗೆ ಆರೋ ಎಂಟೋ ಎಂದು ಲೆಕ್ಕ ಹಾಕುತ್ತಿರುವಾಗಲೇ ಲೀಗ್ ಎಂಬ ಮನೆಯೇ ಅಲುಗಾಡಿತು. ಫೆಡರೇಶನ್ ಮತ್ತು ಲೀಗ್ ನಡೆಸುವ ಸಂಸ್ಥೆಯ ನಡುವಿನ ಒಪ್ಪಂದ ಮುಗಿಯುತ್ತಾ ಬಂದು, ಹೊಸದು ಆಗದೆ, 2025ರ ಜುಲೈನಲ್ಲಿ ಮುಂದಿನ ಋತುವನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಅಬ್ಬಾ ಹೇಳುತ್ತಿದ್ದ ಕೂಲಿಯ ಮಾತು ಆಗ ಬರೀ ಉಪಮೆಯಾಗಿ ಉಳಿಯಲಿಲ್ಲ. ಕೊನೆಗೆ 2026ರ ಫೆಬ್ರವರಿ 14ರಿಂದ 14 ತಂಡಗಳ ಮೊಟಕು ಲೀಗ್ ನಿಗದಿಯಾಯಿತು. ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಒಂದೇ ಸಲ, ಒಟ್ಟು 91 ಪಂದ್ಯ. ಪ್ಲೇಆಫ್ ಇಲ್ಲ. ಕಷ್ಟಕಾಲದಲ್ಲಿ ಮೊದಲು ಕೈಬಿಟ್ಟದ್ದು ಇನಾಮನ್ನು, ಉಳಿಸಿಕೊಂಡದ್ದು ಕೂಲಿಯನ್ನು.

ಈಗ ಮಗನಿಗೆ ಹದಿನೇಳು. ಆ ಸುದ್ದಿ ಓದಿ ಅವನು ಬೇಸರದಿಂದ ಹೇಳಿದ: “ಫೈನಲ್ ಇಲ್ದೆ ಅದೆಂಥಾ ಲೀಗ್ ಅಬ್ಬಾ?” 2018ರ ಬಸ್ಸಿನಲ್ಲಿ ಅವನು ಕೇಳಿದ ಪ್ರಶ್ನೆಯನ್ನು ನೆನಪಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕ. “ಆವಾಗ ನಾವು ಫಸ್ಟ್ ಇದ್ವಲ್ಲ ಅಬ್ಬಾ” ಎಂದ.

ನಾವೂ ನಕ್ಕೆವು. ಬೇರೆ ಏನು ಹೇಳುವುದು, ಆ ಕೋಲ್ಕತ್ತಾದ ಸಂಜೆ ಟಿ.ವಿ. ಮುಂದೆ ಎದ್ದುನಿಂತವರಲ್ಲಿ ನಾವೂ ಇದ್ದೆವಲ್ಲ.